ಸರಿಯುವ ಛತ್ತಿನ ಅಕ್ಕೋರು

ಅಕ್ಕೋರು ನನ್ನೊಂದಿಗೆ ಆಡಿದ ಮೊದಲ ಮಾತು ನೀರಿನ ಟಾಕಿಯ ಬಗ್ಗೆ. ಬನಹಟ್ಟಿಯ ನಮ್ಮ ಓಣಿಗೆ ಅವರು ಬಂದು ಹದಿನೈದು ದಿನವೂ ಆಗಿರಲಿಲ್ಲ. ಒಂದು ಮುಂಜಾನೆ ನನ್ನ ಮಗ್ಗದ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತರು. ತಿಳಿ ಬಣ್ಣದ ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಾಲಲ್ಲಿ ಕ್ಯಾನ್ವಾಸ್ ಬೂಟು, ಕೈಯಲ್ಲಿ ಅಳತೆಯ ಟೇಪು. ಒಳಗೆ ಎಂಟು ವಿದ್ಯುತ್ ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಅವರ ತುಟಿ ಅಲುಗಿದ್ದಷ್ಟೇ ಕಂಡಿತು. ಕೈಮಾಡಿ ಹೊರಗೆ ಕರೆದುಕೊಂಡು ಬಂದೆ.

"ನಿಮ್ಮ ಛತ್ತಿನ ಮ್ಯಾಲಿನ ಟಾಕಿ ಧ್ರುವ ನಕ್ಷತ್ರದ ಮುಂದ ಕೂತದರೀ," ಎಂದರು. "ನಾಕು ಫೂಟು ಪೂರ್ವಕ್ಕ ಸರಿಸಿದ್ರ ನಡೀತದ."

"ಧ್ರುವ ನಕ್ಷತ್ರ ಭಾಳ ಮ್ಯಾಲಿರತೈತಲ್ರೀ?" ಎಂದೆ.

"ಕಾಶ್ಮೀರದಾಗ ಮ್ಯಾಲಿರತದ. ನಮ್ಮ ಕಡೆ ಹದಿನಾರೂವರಿ ಡಿಗ್ರಿ. ನಿಮ್ಮ ಟಾಕಿಯ ನೆತ್ತಿ ಹದಿನೆಂಟು. ನಿನ್ನಿ ಸಂಜಿ ಅಳದೀನಿ."

ನನ್ನ ಶೆಡ್ಡು ಅವರ ಮನೆಗೆ ಉತ್ತರಕ್ಕಿತ್ತು. ಅವರ ಹಿತ್ತಲಿನಿಂದ ನೋಡಿದರೆ ಉತ್ತರ ದಿಕ್ಕೆಂದರೆ ನನ್ನ ಗೋಡೆ ಮತ್ತು ಅದರ ಮೇಲಿನ ಕಪ್ಪು ಟಾಕಿ. ಎರಡು ದಿನ ಬಿಟ್ಟು ಟಾಕಿ ಸರಿಸಿದೆ. ಅವರ ಮಾತು ಅರ್ಥವಾಗಿತ್ತೆಂದು ಅಲ್ಲ. ನಾನು ಪಿಯುಸಿಗೆ ಓದು ಬಿಟ್ಟು ಮಗ್ಗಕ್ಕೆ ಬಂದವನು; ಶಾಲೆಯಲ್ಲಿ ಗಣಿತ ಕಲಿಸುವ ಅಕ್ಕೋರು ಎದುರು ನಿಂತು ಅಂಕಿ ಹೇಳಿದರೆ ಇವತ್ತಿಗೂ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.

ಈ ಸಲದ ಮಳೆಗಾಲದ ಮೊದಲ ವಾರ, ಮುಧೋಳದ ತಮ್ಮನ ಮನೆಯಲ್ಲಿ ಅವರು ತೀರಿಕೊಂಡರು. ಅವರ ಬದುಕನ್ನೆಲ್ಲ ಬರೆಯುವಷ್ಟು ನನಗೆ ಗೊತ್ತಿಲ್ಲ. ಜಮಖಂಡಿಯವರು, ಮನೆಯಲ್ಲಿ ಮರಾಠಿ ಆಡುವ ಮನೆತನ, ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲವೆಂದು ಕೇಳುವ ಧೈರ್ಯ ನಮ್ಮ ಓಣಿಯಲ್ಲಿ ಯಾರಿಗೂ ಬರಲಿಲ್ಲ. ನಿವೃತ್ತಿಯಾದ ಮೇಲೆ ಜಮಖಂಡಿಯ ಇಕ್ಕಟ್ಟಾದ ವಾಡೆಯಲ್ಲಿದ್ದ ತಮ್ಮ ಪಾಲು ಬಿಟ್ಟುಕೊಟ್ಟು ಬನಹಟ್ಟಿಗೆ ಬಂದರು. ಮನೆ ನೋಡಲು ಬಂದ ದಿನ ಅವರು ಅಡುಗೆಮನೆಯನ್ನೂ ನೋಡಲಿಲ್ಲ, ನೀರು ಬರುತ್ತದೆಯೇ ಎಂದೂ ಕೇಳಲಿಲ್ಲವಂತೆ. ನೇರ ಹಿತ್ತಲಿಗೆ ಹೋಗಿ, ನಡುಮಧ್ಯೆ ನಿಂತು, ಕತ್ತೆತ್ತಿ ಒಂದು ಸುತ್ತು ತಿರುಗಿ, "ಆತು" ಅಂದರಂತೆ.

ಆ ಹಿತ್ತಲಿನಲ್ಲಿ ಅವರು ಕಟ್ಟಿದ್ದು ನಕ್ಷತ್ರ ನೋಡುವ ಮನೆ. ಹನ್ನೆರಡು ಫೂಟು ಉದ್ದ, ಹತ್ತು ಫೂಟು ಅಗಲ, ಎದೆಯೆತ್ತರದ ಗೋಡೆ, ಅದರ ಮೇಲೆ ತಗಡಿನ ಛತ್ತು. ವಿಶೇಷವೆಂದರೆ ಛತ್ತು ಗೋಡೆಗೆ ಅಂಟಿರಲಿಲ್ಲ. ದೊಡ್ಡ ಗೇಟುಗಳಿಗೆ ಹಾಕುವಂಥ ಕಬ್ಬಿಣದ ಗಾಲಿಗಳ ಮೇಲೆ ನಿಂತಿತ್ತು. ದೂಡಿದರೆ ಹಳಿಯ ಮೇಲೆ ಇಡೀ ಛತ್ತೇ ಹಿಂದಕ್ಕೆ ಸರಿದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ನಿಲ್ಲುತ್ತಿತ್ತು. ಉಳಿಯುವುದು ನಾಲ್ಕು ಗೋಡೆ ಮತ್ತು ಮೇಲೆ ಆಕಾಶ.

ಛತ್ತಿನ ಚೌಕಟ್ಟು ಮಾಡಿದವನು ಸಾವಳಗಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅವರ ಹಳೆಯ ವಿದ್ಯಾರ್ಥಿ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಾಕಿಕೊಂಡು ಅದನ್ನು ತಂದ ದಿನ ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಇಳಿಸುವಾಗ ಆತ ನನ್ನ ಕಿವಿಯ ಹತ್ತಿರ ಬಂದು, "ಅಕ್ಕೋರು ನನ್ನ ಎಸೆಸೆಲ್ಸಿ ಗಣಿತದಾಗ ಎರಡ ಸಲ ಕೂಡ್ರಿಸ್ಯಾರರೀ. ಇದು ಅರ್ಧ ಇಂಚ ಹೆಚ್ಚುಕಡಿಮಿ ಆದ್ರ ಮೂರನೇ ಸಲ ಕೂಡ್ರಸ್ತಾರ," ಎಂದ. ಅಕ್ಕೋರು ಟೇಪು ಹಿಡಿದು ನಾಲ್ಕು ಮೂಲೆಯನ್ನೂ, ಆಮೇಲೆ ಎರಡು ಕರ್ಣಗಳನ್ನೂ ಅಳೆದರು. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು, "ಪಾಸ್," ಎಂದರು. ಐವತ್ತರ ಹತ್ತಿರದ ಆ ಮನುಷ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಅದೇ ದಿನ ಚಹಾ ಕುಡಿಯುತ್ತ ಆತ ಕೇಳಿದ. "ಅಕ್ಕೋರ, ಮಿರಗದ ಮಳಿ, ಆರಿದ್ರಾ ಮಳಿ ಅಂತೀವಿ. ಆ ಮಿರಗ ಅನ್ನೂದು ಖರೇ ಐತೇನ್ರೀ? ನಮ್ಮಪ್ಪ ಹೊಲದಾಗ ಸತ್ತ, ಮಿರಗ ನೋಡ್ಲಿಲ್ಲ."

"ಮಿರಗದ ಮಳಿ ಬರೂ ದಿನದಾಗ ಮಿರಗ ಕಾಣಂಗಿಲ್ಲಪಾ," ಎಂದರು ಅಕ್ಕೋರು. "ಆಗ ಸೂರ್ಯ ಅದರ ಮುಂದ ಬಂದು ನಿಂತಿರತಾನ. ಅದಕ್ಕ ಆ ಮಳಿಗೆ ಆ ಹೆಸರು. ನಿಮ್ಮಪ್ಪ ಮಳಿ ನೋಡ್ಯಾನ, ನಕ್ಷತ್ರ ನೋಡಿಲ್ಲ. ಚಳಿಗಾಲದಾಗ ಬಾ, ತೋರಸ್ತೀನಿ."

ನನಗೂ ಆಗಲೇ ಗೊತ್ತಾಗಿದ್ದು. ರೋಹಿಣಿ, ಮೃಗಶಿರೆಯ ಮಿರಗ, ಆರಿದ್ರಾ ಎಂದು ಹುಟ್ಟಿದಾಗಿನಿಂದ ಹೇಳುತ್ತ ಬಂದಿದ್ದೆ. ಅವು ಎಲ್ಲಿವೆ ಎಂದು ಒಮ್ಮೆಯೂ ಕತ್ತೆತ್ತಿರಲಿಲ್ಲ. ಆ ಚಳಿಗಾಲದಲ್ಲಿ ಆತ ಸಾವಳಗಿಯಿಂದ ನಿಜವಾಗಿ ಬಂದ. ಒಬ್ಬನೇ ಅಲ್ಲ, ಮುಪ್ಪಾದ ತಾಯಿಯನ್ನೂ ಕರೆತಂದಿದ್ದ.

ಊರಿನಲ್ಲಿ ನಕ್ಷತ್ರದ ಮನೆ ಎಂದು ಸುದ್ದಿಯಾದ ಮೇಲೆ ಬೇರೆ ತರಹದ ಜನವೂ ಬರತೊಡಗಿದರು. ಬೀಳಗಿಯಿಂದ ಒಬ್ಬರು ಮಗಳ ಜಾತಕ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತಿದ್ದರು. ಅಕ್ಕೋರು ಅವರನ್ನು ಕಳಿಸಲಿಲ್ಲ, ನಗಲೂ ಇಲ್ಲ. ನೀರು ಕೊಟ್ಟು, "ಈ ನಕ್ಷತ್ರ ಎಷ್ಟ ದೂರ ಅದ, ಎಷ್ಟ ಬಿಸಿ ಅದ ಅಂತ ಕೇಳ್ರಿ, ಹೇಳ್ತೀನಿ. ನಿಮ್ಮ ಮಗಳ ನಸೀಬ ಆಕಿನ್ನ ಕೇಳ್ರಿ. ಮದುವಿ ಯಾರ್ನ ಆಗಬೇಕಂತ ಆಕಿಗೆ ಗೊತ್ತಿರತದ," ಎಂದರು. ಆ ಮನುಷ್ಯ ಜಾತಕ ಮಡಚಿಕೊಂಡು ಎದ್ದು ಹೋದರು. ಮಗಳನ್ನು ಕೇಳಿದರೋ ಇಲ್ಲವೋ ತಿಳಿಯದು.

ದುರ್ಬೀನಿನ ಕನ್ನಡಿಯನ್ನು ಅವರು ಕೈಯಿಂದಲೇ ತಿಕ್ಕಿ ಮಾಡಿದ್ದರು. ಎಂಟು ಇಂಚು ಅಗಲದ ದಪ್ಪ ಗಾಜಿನ ಬಿಲ್ಲೆ, ಅದರ ಮೇಲೆ ಪುಡಿ, ನೀರು, ಇನ್ನೊಂದು ಬಿಲ್ಲೆ. ಏಳು ತಿಂಗಳು ದಿನಾ ಎರಡು ತಾಸು. ಅದನ್ನು ಕೂರಿಸಲು ಆ ಕೋಣೆಯ ಮಧ್ಯೆ ಕಾಂಕ್ರೀಟಿನ ಕಂಬ ಎಬ್ಬಿಸಿದರು. ಎಲ್ಲ ಮುಗಿದು, ಮೊದಲ ಸಲ ಶನಿಯನ್ನು ನೋಡಿದ ಮರುದಿನ ಮುಂಜಾನೆ ಮತ್ತೆ ನನ್ನ ಶೆಡ್ಡಿನ ಬಾಗಿಲಿಗೆ ಬಂದರು. ಮುಖ ಇಳಿದಿತ್ತು.

"ನಿಮ್ಮ ಮಗ್ಗ ಬಡದಾಗೊಮ್ಮೆ ಶನಿ ನಡಗತಾನರೀ."

ನನ್ನ ಹಿಂದೆ ನಿಂತಿದ್ದ ನೇಕಾರನೊಬ್ಬ, "ನಡಗ್ಲಿ ಬಿಡ್ರಿ ಅಕ್ಕೋರ, ಆತ ನಮ್ಮನ್ನೇನ ಕಡಿಮಿ ನಡಗಿಸ್ಯಾನೇನು," ಎಂದ. ಅಕ್ಕೋರು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆದರೆ ಸಂಗತಿ ಸಣ್ಣದಾಗಿರಲಿಲ್ಲ. ಮಗ್ಗದ ಬಡಿತ ನೆಲದೊಳಗೆ ಹೋಗಿ, ನೆಲದಿಂದ ಕಂಬಕ್ಕೇರಿ, ಕಂಬದಿಂದ ಕನ್ನಡಿಗೆ ತಲುಪುತ್ತಿತ್ತು. ಅವರು ಕಂಬದ ಮೇಲೆ ಸ್ಟೀಲಿನ ತಾಟಿನಲ್ಲಿ ನೀರಿಟ್ಟು, ಬ್ಯಾಟರಿಯ ಬೆಳಕು ಬಿಟ್ಟು, ಗೋಡೆಯ ಮೇಲೆ ಬಿದ್ದ ಬೆಳಕು ತೋರಿಸಿದರು. ಅದು ಜ್ವರ ಬಂದವರ ಹಾಗೆ ನಡುಗುತ್ತಿತ್ತು. ನನಗೆ ಕೆಡುಕೆನಿಸಿತು. ಸಂಜೆ ಒಂದು ತಾಸು ಮಗ್ಗ ನಿಲ್ಲಿಸುತ್ತೇನೆ ಎಂದೆ.

"ಒಂದು ತಾಸು ನಿಂತ್ರ ಆ ಎಂಟು ಮಂದಿ ಪಗಾರ ಕಡಿಮಿ ಆಗ್ತದ. ಅವರ ಮನ್ಯಾಗಿನ ಒಲಿ ತಣ್ಣಗ ಮಾಡಿ ನನಗ ಶನಿ ಬ್ಯಾಡ," ಎಂದರು. "ತಪ್ಪು ನಂದು. ಕಂಬ ಕಟ್ಟೂಕಿಂತ ಮೊದಲ ನೆಲದ ಗುಣ ನೋಡಬೇಕಿತ್ತು. ನೋಡಲಿಲ್ಲ."

ಮರುದಿನವೇ ಗೌಂಡಿಯನ್ನು ಕರೆಸಿ ಎರಡು ತಿಂಗಳ ಆ ಕೆಲಸವನ್ನು ಒಡೆಸಿದರು. ಒಡೆಯುವಾಗ ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದರು. ಈ ಸಲ ಏಳು ಫೂಟು ಆಳದ ತಗ್ಗು, ಅದರಲ್ಲಿ ದಪ್ಪ ಕಂಬ, ಸುತ್ತಲೂ ಒಂದು ಫೂಟು ಬರೀ ಉಸುಕು. ಕೋಣೆಯ ನೆಲ ಆ ಕಂಬಕ್ಕೆ ಎಲ್ಲಿಯೂ ತಾಗಬಾರದು. ಕಾಂಕ್ರೀಟು ಗಟ್ಟಿಯಾದ ಮೇಲೆ ಮತ್ತೆ ಅದೇ ತಾಟು, ಅದೇ ನೀರು. ನಾನು ಎಂಟೂ ಮಗ್ಗ ಚಾಲೂ ಮಾಡಿ ಓಡಿಬಂದೆ. ಗೋಡೆಯ ಮೇಲಿನ ಬೆಳಕು ಅಂಟಿಸಿದ ಹಾಗೆ ನಿಂತಿತ್ತು. ಅಕ್ಕೋರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾಟಿನ ನೀರನ್ನು ತುಳಸಿಗೆ ಹಾಕಿ ಒಳಗೆ ಹೋದರು.

ಅಂದಿನಿಂದ ಸಂಜೆ ಏಳರ ಹೊತ್ತಿಗೆ, ನೇಕಾರರು ಪಾಳಿ ಬದಲಿಸುವ ವೇಳೆಯಲ್ಲಿ, ನಾನು ಅವರ ಹಿತ್ತಲಿಗೆ ಹೋಗುವುದು ರೂಢಿಯಾಯಿತು. ಅವರಿಗೊಂದು ನೇಮವಿತ್ತು. ಕೆಲವು ನಕ್ಷತ್ರಗಳ ಬೆಳಕು ಏರಿಳಿಯುತ್ತದೆ. ಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ ನೋಡಿ, ಈ ದಿನ ಎಷ್ಟಿದೆ ಎಂದು ವಹಿಯಲ್ಲಿ ಬರೆಯುವುದು. ಜಗತ್ತಿನ ನಾನಾ ಕಡೆ ಅವರಂಥವರು ಹೀಗೆ ಬರೆದಿಟ್ಟು ಒಂದೆಡೆ ಸೇರಿಸುತ್ತಾರಂತೆ. ನನಗೆ ದುರ್ಬೀನು ಬೇಕಿಲ್ಲದ, ಬರಿಗಣ್ಣಿಗೆ ಕಾಣುವ ಆರಿದ್ರಾ ನಕ್ಷತ್ರವನ್ನು ವಹಿಸಿಕೊಟ್ಟರು. ಕೆಂಪನೆಯದು, ಹುಡುಕಲು ಸುಲಭ. ಜೊತೆಗೆ ನನ್ನದೇ ಒಂದು ವಹಿ. ಹಿಂದಿನ ಹಾಳೆ ತೆರೆದು ನೋಡಿ ಬರೆಯುವಂತಿಲ್ಲ, ಅದೊಂದೇ ಕಟ್ಟಳೆ.

ಒಂದು ಚಳಿಗಾಲ ಎಂಥದೋ ಆಯಿತು. ಅಕ್ಕೋರು ಒಂದು ಸಂಜೆ ತಮ್ಮ ವಹಿ ಮತ್ತು ನನ್ನದನ್ನು ಪಕ್ಕ ಪಕ್ಕ ಇಟ್ಟರು. ಮೂರು ವಾರದಿಂದ ಅವರು ಆರಿದ್ರಾ ದಿನೇ ದಿನೇ ಮಂಕಾಗುತ್ತಿದೆ, ರೋಹಿಣಿಗಿಂತ ಕಡಿಮೆಯಾಗಿದೆ ಎಂದು ಬರೆದಿದ್ದರು. ನನ್ನ ವಹಿಯಲ್ಲಿ ಎಲ್ಲ ದಿನವೂ ಒಂದೇ: ರೋಹಿಣಿಗಿಂತ ಹೆಚ್ಚು.

"ಮ್ಯಾಲೆ ನೋಡ್ರಿ," ಎಂದರು.

ನೋಡಿದೆ. ಆರಿದ್ರಾ ಮಂಕಾಗಿತ್ತು. ಕುರುಡನಿಗೂ ಕಾಣುವಷ್ಟು ಮಂಕಾಗಿತ್ತು.

"ನೀವು ಮೂರು ವಾರ ಬರದದ್ದು ನಕ್ಷತ್ರ ಅಲ್ಲರೀ. ನಿಮ್ಮ ರೂಢಿ ಬರದೀರಿ," ಎಂದರು. ಗದರಲಿಲ್ಲ. ಆ ತಿಂಗಳು ಜಗತ್ತಿನ ಎಲ್ಲ ಕಡೆಯವರೂ ಅದು ಮಂಕಾದದ್ದನ್ನು ಬರೆದಿದ್ದರೆಂದೂ, ಅದರ ಮುಂದೆ ಅದೇ ಉಗುಳಿದ ಧೂಳು ಬಂದಿತ್ತೆಂದೂ ಆಮೇಲೆ ಗೊತ್ತಾಯಿತು. ಮುಂದೆ ಅದು ಮೊದಲಿನಂತಾಯಿತು.

ಆದರೆ ಆ ಸಂಜೆಯ ಮಾತು ಅಲ್ಲಿಗೆ ಮುಗಿಯಲಿಲ್ಲ. ಅದಕ್ಕೇ ನಾನು ಈ ಬರಹಕ್ಕೆ ಕೂತಿದ್ದೇನೆ.

ಆಗ ನನ್ನ ಹೆಂಡತಿ ತೇರದಾಳದ ತವರಿಗೆ ಹೋಗಿ ಒಂದೂವರೆ ತಿಂಗಳಾಗಿತ್ತು. ಜಗಳವೆಂದರೆ ಜಗಳವಲ್ಲ. ಮೂರು ನಾಲ್ಕು ವರ್ಷದಿಂದ ಮನೆಯಲ್ಲಿ ಮಾತು ಕಡಿಮೆಯಾಗುತ್ತ ಬಂದಿತ್ತು. ಆಡಿದರೆ ಒದರಿ ಆಡುತ್ತಿದ್ದಳು. ಇಲ್ಲದಿದ್ದರೆ ಮೌನ. ಸಿಟ್ಟಿನ ಹೆಂಗಸು ಎಂದುಕೊಂಡು ನಾನು ಶೆಡ್ಡಿನಲ್ಲೇ ಹೆಚ್ಚು ಹೊತ್ತು ಇರತೊಡಗಿದ್ದೆ. ಒಂದು ದಿನ ಆಕೆ ಚೀಲ ತುಂಬಿಕೊಂಡು ಹೋದಳು. ಕರೆಯಲು ನಾನು ಹೋಗಲಿಲ್ಲ. ಅಕ್ಕೋರಿಗೆ ಇದು ಗೊತ್ತಿತ್ತು, ಓಣಿಗೆಲ್ಲ ಗೊತ್ತಿತ್ತು.

ಆ ಸಂಜೆ ನಾನಾಗಿಯೇ ಹೇಳಿದೆ. "ನಮ್ಮಾಕಿ ನನ್ನ ಕೂಡ ಮಾತ ಬಿಟ್ಟಾಳ್ರೀ ಅಕ್ಕೋರ. ಅದ ತಲ್ಯಾಗ ಕುಂತೈತಿ. ನಕ್ಷತ್ರದ ಕಡೆ ಲಕ್ಷ್ಯ ಎಲ್ಲಿಂದ ಬರಬೇಕು."

ಅವರು ವಹಿ ಮುಚ್ಚಿದರು. "ನೀವು ಬಂದಾಗ ಇವತ್ತ ನಾನು ಏನು ಕೇಳಿದೆ?"

"ಏನೂ ಕೇಳಲಿಲ್ಲಲ್ರೀ."

"ಮೂರ ಸಲ ಕೇಳೀನಿ, ಊಟ ಆತೇನು ಅಂತ. ನಿಮ್ಮ ಬೆನ್ನು ನನ್ನ ಕಡೆ ಇತ್ತು."

ಒಳಗೆ ಹೋಗಿ ಟೇಬಲ್ಲಿನ ಗಡಿಯಾರ ತಂದರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕಣ್ಣು ಮುಚ್ಚಲು ಹೇಳಿದರು. ಗಡಿಯಾರದ ಟಿಕ್ ಟಿಕ್ ಯಾವಾಗ ಕೇಳುತ್ತದೋ ಆಗ ಕೈ ಎತ್ತಬೇಕು. ಟೇಪಿನಿಂದ ಅಳೆದು, ಐದೈದು ಸಲ ನೋಡಿ ಬರೆದರು. ಎಡಗಿವಿ, ಅರ್ಧ ಫೂಟು. ಬಲಗಿವಿ, ಒಂದೂವರೆ ಫೂಟು. ಆಮೇಲೆ ಗಡಿಯಾರ ನನ್ನ ಕೈಗೆ ಕೊಟ್ಟು ತಾವು ಕೂತರು. ನನಗಿಂತ ಹದಿನೈದು ವರ್ಷ ದೊಡ್ಡವರಾದ ಅವರಿಗೆ ಒಂಬತ್ತು ಫೂಟು ದೂರದಿಂದ ಕೇಳುತ್ತಿತ್ತು.

"ಇಪ್ಪತ್ತೈದು ವರ್ಷ ಮಗ್ಗದ ನಡುವ ನಿಂತೀರಿ," ಎಂದರು. "ಆಕಿ ಮಾತ ಬಿಟ್ಟಾಳೋ, ನಿಮ್ಮ ಕಿವಿ ಬಿಟ್ಟದೋ, ಇಷ್ಟ ದಿನ ಯಾರೂ ನೋಡಿಲ್ಲ."

ಎದೆಯಲ್ಲಿ ಒಂಥರಾ ಭಯ ಕೂತಿತ್ತು. ಕಿವುಡನಾದೆನೆಂಬ ಭಯವಲ್ಲ. ಆಕೆಯ ಮೇಲೆ ಎಷ್ಟು ವರ್ಷ ಎಂಥೆಂಥ ಸಿಟ್ಟು ಹೊತ್ತು ತಿರುಗಿದ್ದೆ ಎಂಬ ಭಯ.

ಆ ವಾರವೇ ಜಮಖಂಡಿಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಯಂತ್ರ ಹಚ್ಚಿ ನೋಡಿ ಹೇಳಿದ್ದೂ ಅದನ್ನೇ: ಮಗ್ಗದ ಸಪ್ಪಳ, ಎರಡೂ ಕಿವಿ, ಹೋದದ್ದು ಮರಳಿ ಬರುವುದಿಲ್ಲ, ಮಶೀನು ಹಾಕಿಕೊಂಡರೆ ನಡೆಯುತ್ತದೆ. ಮಶೀನು ಬಂದ ದಿನ ಅಕ್ಕೋರ ಜೊತೆ ಜಮಖಂಡಿಯ ಬಸ್‌ ನಿಲ್ದಾಣದಲ್ಲಿ ಅದನ್ನು ಹಾಕಿಕೊಂಡು ನಿಂತಾಗ, ಪಕ್ಕದವರು ಪೇಪರ್ ಮಡಚುವ ಸದ್ದು ಕೇಳಿ ತಿರುಗಿ ನೋಡಿದೆ. ಅಕ್ಕೋರು ಬನಹಟ್ಟಿ ಬಸ್ಸಿನ ಕಡೆ ಹೋಗಲಿಲ್ಲ. ತೇರದಾಳದ ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತು, ಪಕ್ಕದ ಸೀಟಿನ ಮೇಲೆ ತಮ್ಮ ಚೀಲ ಇಟ್ಟು ನನ್ನ ಕಡೆ ನೋಡಿದರು. ನಾನು ಹತ್ತಿದೆ.

ಅತ್ತೆಯ ಮನೆಯಲ್ಲಿ ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿದರು. ಹೆಂಡತಿ ಒಮ್ಮೆ ಬಂದು, ಅಕ್ಕೋರಿಗೆ ನಮಸ್ಕಾರ ಮಾಡಿ, ನನ್ನ ಕಡೆ ನೋಡದೆ ಒಳಗೆ ಹೋದಳು. ಆಗ ಅಡುಗೆಮನೆಯ ಗೋಡೆಯಾಚೆಯಿಂದ ಆಕೆ ತಾಯಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿತು.

"ನಮ್ಮವರ ಚಾಕ್ಕ ಸಕ್ಕರಿ ಕಡಿಮಿ ಹಾಕವ್ವಾ. ಹೆಚ್ಚಾದ್ರ ಅವರಿಗೆ ನಡಿಯಂಗಿಲ್ಲ."

ಎಷ್ಟೋ ವರ್ಷದ ಮೇಲೆ ಕೇಳಿದ ಆಕೆಯ ಸಣ್ಣ ದನಿ ಅದು. ನಾನು ಮುಖ ಕೆಳಗೆ ಹಾಕಿದೆ. ಅಕ್ಕೋರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತಿದ್ದರು, ಅಥವಾ ಓದುವ ಹಾಗೆ ಕೂತಿದ್ದರು.

ಚಹಾ ತಂದಾಗ ಅವರು ಚೀಲದಿಂದ ವಹಿ ತೆಗೆದು ಹೆಂಡತಿಯ ಮುಂದೆ ಇಟ್ಟರು. "ಇದು ಇವರ ಕಿವಿ, ನೋಡವಾ. ಎಡದ್ದು ಇಷ್ಟು, ಬಲದ್ದು ಇಷ್ಟು. ಇದರಾಗ ನಿಂದೂ ತಪ್ಪಿಲ್ಲ, ಇವರದೂ ಪೂರಾ ತಪ್ಪಿಲ್ಲ. ನೋಡದ ಇದ್ದದ್ದು ಅಷ್ಟ ತಪ್ಪು."

ಆಕೆ ಆ ಅಂಕಿಗಳನ್ನು ಬೆರಳಿಟ್ಟು ಓದಿದಳು. "ಸಣ್ಣಗ ಮಾತಾಡಿದ್ರ ಉತ್ತರಾನ ಕೊಡ್ತಿರ್ಲಿಲ್ಲ ಇವರು," ಎಂದಳು ಅಕ್ಕೋರಿಗೆ. "ಜೋರಾಗಿ ಅಂದ್ರ, ಯಾಕ ಒದರ್ತಿ ಅಂತಿದ್ರು. ನಾ ಏನ ಮಾಡಬೇಕಿತ್ರೀ?" ಆಮೇಲೆ ನನ್ನ ಕಡೆ ತಿರುಗಿ ಕಿವಿಯ ಮಶೀನನ್ನು ನೋಡಿ, "ಅದು ನೋವ ಆಕೈತೇನು?" ಎಂದು ಕೇಳಿದಳು.

ಸಂಜೆಯ ಬಸ್ಸಿಗೆ ಮೂವರೂ ಮರಳಿದೆವು. ಅಂದಿನಿಂದ ಆಕೆಯೂ ಸಂಜೆ ನನ್ನೊಂದಿಗೆ ಆ ಹಿತ್ತಲಿಗೆ ಬರತೊಡಗಿದಳು; ದುರ್ಬೀನು ಹೊಂದಿಸುವುದನ್ನು ಅಕ್ಕೋರಿಂದ ನನಗಿಂತ ಬೇಗ ಕಲಿತಳು. ಆ ಬೇಸಿಗೆಯಲ್ಲಿ ಅಕ್ಕೋರು ನನ್ನ ಎರಡೂ ಪಾಳಿಯ ನೇಕಾರರನ್ನು, ಕಂಡಿಕೆಗೆ ನೂಲು ಸುತ್ತುವ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಸ್ಟೂಲಿನ ಮೇಲೆ ಕೂರಿಸಿ ಗಡಿಯಾರ ಹಿಡಿದರು. ಈಗ ನಮ್ಮ ಶೆಡ್ಡಿನಲ್ಲಿ ಕಿವಿಗೆ ಬೆಣೆ ಹಾಕಿಕೊಳ್ಳದೆ ಯಾರೂ ಮಗ್ಗ ಮುಟ್ಟುವುದಿಲ್ಲ. ಮೊದಮೊದಲು ನಗುತ್ತಿದ್ದ ಪಕ್ಕದ ಶೆಡ್ಡುಗಳವರೂ ಈಗ ತರಿಸಿಕೊಂಡಿದ್ದಾರೆ.

ಹೋದ ವರ್ಷ ಅಕ್ಕೋರು ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ತಮ್ಮ ಬಂದು ಮುಧೋಳಕ್ಕೆ ಕರೆದುಕೊಂಡು ಹೋದರು. ಈ ವರ್ಷದ ಮೇ ತಿಂಗಳಲ್ಲಿ ನಾವಿಬ್ಬರೂ ನೋಡಲು ಹೋದಾಗ ಮಂಚದ ಮೇಲೆ ಬಹಳ ಸಣ್ಣಗೆ ಕಂಡರು. ಹೆಂಡತಿ ಅವರ ಕಾಲು ಒತ್ತುತ್ತ ಕೂತಳು. ಅಂದು ಹೇಳಲೇಬೇಕೆಂದು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ.

"ಅಕ್ಕೋರ, ನಮ್ಮ ಸಂಸಾರ ಇವತ್ತ ಹಿಂಗ ಐತಿ ಅಂದ್ರ..." ಎಂದು ಸುರು ಮಾಡಿದೆ.

"ಮಳಿ ನಿಂತ ಮ್ಯಾಲೆ ಛತ್ತಿನ ಗಾಲಿಗೆ ಎಣ್ಣಿ ಹಾಕ್ರಿ," ಎಂದು ನಡುವೆಯೇ ತಡೆದರು. "ಜಂಗ ಹಿಡದಿರತಾವ. ಒಮ್ಮೆಲೆ ದೂಡಬ್ಯಾಡ್ರಿ, ಹಳಿ ತಪ್ಪತದ." ನಾನು ಹೂಂ ಎಂದೆ. ನನ್ನ ಕೃತಜ್ಞತೆ ಅಷ್ಟಕ್ಕೇ ನಿಂತಿತು. ಅವರ ಕಣ್ಣು ಮಾತ್ರ ಸ್ವಲ್ಪ ಹೊತ್ತು ನನ್ನ ಹೆಂಡತಿಯ ಕೈಯ ಮೇಲಿತ್ತು.

ಅವರು ಹೋದ ಮೂರನೆಯ ದಿನ ಮುಧೋಳಕ್ಕೆ ಹೋದೆವು. ಹೊರಡುವಾಗ ತಮ್ಮನವರು ಒಳಗಿನಿಂದ ಒಂದು ಚಾವಿ ತಂದರು. ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೆಂಡತಿಯ ಕೈಗೆ ಕೊಟ್ಟರು.

"ಅಕ್ಕ ಹಿಂಗ ಹೇಳ್ಯಾಳ್ರೀ," ಎಂದರು ಸಂಕೋಚದಿಂದ. "ನಕ್ಷತ್ರದ ಮನಿ ನಿಮಗ. ಇವರು ನೋಡಾಕ ಬರಬಹುದು."

ಮಳೆ ನಿಂತ ಮೇಲೆ, ಅಕ್ಟೋಬರಿನ ಮೊದಲ ತಿಳಿಯಾದ ಸಂಜೆ, ಹೆಂಡತಿ ನಕ್ಷತ್ರದ ಮನೆಯ ಬಾಗಿಲು ತೆಗೆದಳು. ಎಣ್ಣೆಯ ಡಬ್ಬಿ ಹಿಡಿದು ಆರೂ ಗಾಲಿಗೆ ತಾನೇ ಹನಿಸಿದಳು. ಕಂಡಿಕೆ ಸುತ್ತುವ ಹೆಂಗಸರು ನಾಲ್ವರು ಒಂದು ಬದಿ, ಆಕೆ ಒಂದು ಬದಿ ನಿಂತು ಮೆಲ್ಲಗೆ ದೂಡಿದರು. ಛತ್ತು ಮೊದಲು ಮಿಸುಕಲಿಲ್ಲ. ಆಮೇಲೆ ಒಂದು ಗೇಣು ಸರಿಯಿತು, ನಿಂತಿತು, ಮತ್ತೆ ಹೊರಟು ಒಗೆಯುವ ಕಲ್ಲಿನ ಮೇಲೆ ಹೋಗಿ ನಿಂತಿತು. ಒಳಗೆ ಬೆಳದಿಂಗಳು ಬಿತ್ತು. ಹೆಂಗಸರು ಒಬ್ಬೊಬ್ಬರಾಗಿ ದುರ್ಬೀನಿಗೆ ಕಣ್ಣು ಹಚ್ಚಿ ಚಂದ್ರನನ್ನು ನೋಡತೊಡಗಿದರು. ಆಕೆ ಪ್ರತಿಯೊಬ್ಬರಿಗೂ ಸಣ್ಣ ದನಿಯಲ್ಲಿ ಏನೋ ವಿವರಿಸುತ್ತಿದ್ದಳು.

ಒಳಗೆ ಜಾಗ ಇರಲಿಲ್ಲ. ನಾನು ಹೊರಗೆ, ಬಾಗಿಲ ಹತ್ತಿರ, ಸಾಲಿನಲ್ಲಿ ಕೊನೆಯವನಾಗಿ ನಿಂತೆ.